ಮೂಗಪ್ಪನ ಮೇಲೆ ಹೊಟ್ಟೆಕಿಚ್ಚು

"ಮೇಸ್ಟ್ರೇ, ಸುಳ್ಳು ಹೇಳಿದ್ದು ಅವನಲ್ಲ, ನೀವು."

ನೀಲಾಂಬಿಕ ನನ್ನ ಜೊತೆ ಆಡಿದ ಮೊಟ್ಟಮೊದಲ ಮಾತು ಇದು. ಮೆಲ್ಲಗೆ ಆಡಿದ್ದಲ್ಲ. ಹೆಂಗಸರ ಕಡೆಯ ಮೋಟುಗೋಡೆಗೆ ಮೊಣಕೈ ಊರಿ, ಸುತ್ತ ನಾಲ್ಕು ಸಾಲಿಗೆ ಕೇಳುವ ಹಾಗೆ ಆಡಿದ್ದು. ರೀಲು ಬದಲಾಯಿಸುವುದಕ್ಕೆ ದೀಪ ಹಾಕಿದ್ದರು. ನಾನು ಸ್ಟೂಲಿನ ಮೇಲೆ ಕೂತು ನೀರು ಕುಡಿಯುತ್ತಿದ್ದೆ. ನೀರು ನೆತ್ತಿಗೆ ಹತ್ತಿತು.

"ನಾನೇನು ಸುಳ್ಳು ಹೇಳಿದೆ?" ಅಂದೆ, ಕೆಮ್ಮುತ್ತಲೇ.

"ಆ ಡಾಕ್ಟರು ಅವಳಿಗೆ 'ನೀನು ಪರವಾಗಿಲ್ಲ' ಅಂದ, ಅಷ್ಟೆ. 'ನೀನಿಲ್ಲದೆ ನನ್ನ ಪ್ರಾಣ ನಿಲ್ಲೋದಿಲ್ಲ' ಅಂತ ನೀವು ಸೇರಿಸಿದ್ರಿ. ಎಲ್ಲಿತ್ತು ಆ ಪ್ರಾಣ?"

ನಾನು ತಲೆಯೆತ್ತಿ ನೋಡಿದೆ. ಎರಡು ಜಡೆ ಹಾಕುವ ವಯಸ್ಸು ದಾಟಿ ಒಂದೇ ಜಡೆಗೆ ಬಂದಿದ್ದಳು. ಬೆರಳಿಗೆ ಕೆಂಪು ಶಾಯಿಯ ಕಲೆ ಅಂಟಿತ್ತು. ನಗುತ್ತಿರಲಿಲ್ಲ, ಆದರೆ ಎಡಗಡೆಯ ಹುಬ್ಬು ಮಾತ್ರ ನಗುತ್ತಿತ್ತು.

ಆಗ ಐವತ್ತೆಂಟನೇ ಇಸವಿ. ಶಿಕಾರಿಪುರದಲ್ಲಿ ಮಲ್ಲಿಕಾರ್ಜುನಪ್ಪ ಅನ್ನುವವರು ಮುಚ್ಚಿಹೋದ ಅಕ್ಕಿ ಗಿರಣಿಯ ಗೋದಾಮನ್ನೇ ಟಾಕೀಸು ಮಾಡಿಕೊಂಡಿದ್ದರು. ಕಿಟಕಿಗಳಿಗೆ ಗೋಣಿಚೀಲ ಹೊಡೆದರೆ ಹಗಲಲ್ಲೂ ಒಳಗೆ ಕತ್ತಲೆ. ಹಿಂದಿ ಪಿಕ್ಚರು ಕೊಡುವ ಏಜೆಂಟು ಅದರ ಜೊತೆ ಇಂಗ್ಲೆಂಡಿನ ಹಳೆಯ ಪಿಕ್ಚರುಗಳ ಹತ್ತಿಪ್ಪತ್ತು ಪೆಟ್ಟಿಗೆಗಳನ್ನೂ ಅವರ ತಲೆಗೆ ಕಟ್ಟಿದ್ದ. ಬಂದದ್ದನ್ನು ಸುಮ್ಮನೆ ಯಾಕೆ ವಾಪಸು ಕಳಿಸಬೇಕು ಅಂತ ಭಾನುವಾರ ಬೆಳಗ್ಗೆ ಹತ್ತೂವರೆಗೆ ಒಂದು ಆಟ ಇಟ್ಟರು.

ಇಂಗ್ಲಿಷು ಜನಕ್ಕೆ ಅರ್ಥವಾಗಬೇಕಲ್ಲ, ಅದಕ್ಕೆ ನಾನು. ಹೆಸರು ಶಾಂತವೀರಪ್ಪ, ಊರು ಸೊರಬ ತಾಲ್ಲೂಕಿನ ಉಳವಿ, ಕೆಲಸ ಶಿಕಾರಿಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ. ಪ್ರತಿ ಗುರುವಾರ ಶಾಲೆ ಬಿಟ್ಟ ಮೇಲೆ ಪಿಕ್ಚರನ್ನು ನನಗೊಬ್ಬನಿಗೇ ಓಡಿಸಿ ತೋರಿಸುತ್ತಿದ್ದರು. ಭಾನುವಾರ ನಾನು ಮೋಟುಗೋಡೆಯ ಪಕ್ಕ ಸ್ಟೂಲು ಹಾಕಿಕೊಂಡು ಮೈಕಿನಲ್ಲಿ ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಅಲ್ಲಿ ಇನ್ನೂ ತೌಡಿನ ವಾಸನೆ ಇತ್ತು.

"ಪ್ರಾಣ ಸೇರಿಸದೆ ಇದ್ರೆ ಬಸಕ್ಕ ಬಿಡೋದಿಲ್ಲ ನನ್ನ," ಅಂದೆ ನೀಲಾಂಬಿಕಳಿಗೆ.

ಬಸಕ್ಕ ಗೋದಾಮಿನ ಬಾಗಿಲಲ್ಲಿ ಹುರಿಗಡಲೆ ಮಾರುವವಳು. ಆಟ ಶುರುವಾದ ಮೇಲೆ ಬುಟ್ಟಿ ಸಮೇತ ಒಳಗೆ ಬಂದು ಮುಂದಿನ ಸಾಲಲ್ಲಿ ಕೂರುತ್ತಿದ್ದಳು. ಅಲ್ಲಿಂದಲೇ ತಿರುಗಿ ಅಂದಳು: "ಹೌದ್ರೀ ಮತ್ತೆ! ಎರಡು ತಾಸು ಅವಳ ಹಿಂದಿಂದೆ ತಿರುಗಿದ್ದು 'ಪರವಾಗಿಲ್ಲ' ಅಂತ ಹೇಳೋಕಾ ಆ ಮೂಗಪ್ಪ?"

ಮೂಗಪ್ಪ ಅನ್ನುವುದು ಬಸಕ್ಕ ಇಟ್ಟ ಹೆಸರು. ಆ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಪಿಕ್ಚರಿಗೆ ಅವನೊಬ್ಬನೇ ಹೀರೋ. ಮೂಗು ಇಷ್ಟುದ್ದ, ಮಾತು ಬೆರಳೆಣಿಕೆ. ಎರಡಕ್ಕೂ ಒಂದೇ ಹೆಸರು ಸಾಕಾಯಿತು.

ದೀಪ ಆರಿತು. "ಇನ್ನು ಮೇಲೆ ನಾನು ಕೇಳಿಸ್ಕೊಂಡೇ ಕೂತಿರ್ತೀನಿ ಮೇಸ್ಟ್ರೇ," ಅಂತ ಕತ್ತಲಲ್ಲಿ ಅವಳ ದನಿ ಬಂತು. ನನಗೆ ಅದು ಬೆದರಿಕೆಯ ಹಾಗೆ ಕೇಳಲಿಲ್ಲ.

ಅವಳ ಮನೆ ಶಿಕಾರಿಪುರದಲ್ಲೇ. ಕೆಲಸ ಸೊರಬದ ಹೆಣ್ಣುಮಕ್ಕಳ ಶಾಲೆಯಲ್ಲಿ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದಳು. ಮೈಸೂರಿನಲ್ಲಿ ತರಬೇತಿ ಓದುವಾಗ ಇಂಗ್ಲೆಂಡಿನ ಒಬ್ಬ ಮಿಸ್ಸು ಪಾಠ ಹೇಳಿದ್ದರಂತೆ. ನಾನು ಪುಸ್ತಕದಲ್ಲಿ ಕಲಿತ ಇಂಗ್ಲಿಷನ್ನು ಅವಳು ಕಿವಿಯಲ್ಲಿ ಕಲಿತಿದ್ದಳು. ಆಟಕ್ಕೆ ಅವಳ ಜೊತೆಗೆ ಬರುತ್ತಿದ್ದವರು ಸೋದರತ್ತೆ ಶಕುಂತಲಮ್ಮ. ಮನೆಯಲ್ಲಿ ಅವರ ಮಾತೇ ಮಾತು ಅಂತ ಊರಿಗೆಲ್ಲ ಗೊತ್ತು. ಗೋದಾಮಿನಲ್ಲಿ ಮಾತ್ರ ಮೊದಲ ರೀಲಿಗೇ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದರು. ದೇವರು ಅವರಿಗೆ ಇನ್ನಷ್ಟು ನಿದ್ದೆ ಕೊಡಲಿ ಅಂತ ನಾನು ಬೇಡಿಕೊಳ್ಳುತ್ತಿದ್ದೆ.

ಪ್ರೊಜೆಕ್ಟರು ಒಂದೇ ಇದ್ದದ್ದರಿಂದ ಎರಡೆರಡು ರೀಲಿಗೊಮ್ಮೆ ದೀಪ ಹಾಕುತ್ತಿದ್ದರು. ಐದು ನಿಮಿಷ. ನನ್ನ ವಾರವೆಲ್ಲ ಆ ಐದೈದು ನಿಮಿಷಗಳ ಸುತ್ತ ತಿರುಗತೊಡಗಿತು.

"ಈ ಪಿಕ್ಚರುಗಳಲ್ಲಿ ಏನಿದೆ ಅಂತ ನೋಡ್ತೀರಿ ನೀವು?" ಅಂತ ಒಮ್ಮೆ ಕೇಳಿದಳು. "ಹಾಡಿಲ್ಲ, ಕುಣಿತ ಇಲ್ಲ. ಬರೀ ಛತ್ರಿ, ಚಹಾ, ಬೂದು ಆಕಾಶ."

"ನಮ್ಮ ಅಪ್ಪ ಇದಾನೆ," ಅಂದೆ.

"ಎಲ್ಲಿ?"

"ಪಿಕ್ಚರಲ್ಲಿ."

ತಮಾಷೆಯಲ್ಲ, ನಿಜವನ್ನೇ ಹೇಳಿದ್ದೆ. ಹಿಂದಿ ಪಿಕ್ಚರಿನಲ್ಲಿ ಪ್ರೀತಿ ಹುಟ್ಟಿದ ಕೂಡಲೇ ಬೆಟ್ಟ ಹತ್ತಿ ಹಾಡುತ್ತಾರೆ. ಇವರು ಪ್ರೀತಿ ಹುಟ್ಟಿದ ಕೂಡಲೇ "ಇನ್ನೊಂಚೂರು ಚಹಾ ಹಾಕಲೇ?" ಅನ್ನುತ್ತಾರೆ. ನಮ್ಮ ಉಳವಿಯ ಮನೆಯಲ್ಲೂ ಹೀಗೇ. ಅಪ್ಪ ಅವ್ವನಿಗೆ ಮೂವತ್ತು ವರ್ಷದಲ್ಲಿ ಆಡಿದ ಅತಿ ಪ್ರೀತಿಯ ಮಾತು "ಸಾರು ಚೆನ್ನಾಗಿತ್ತು" ಅಂತ. ಅದೂ ಒಂದೇ ಸಲ, ಅವ್ವ ತವರಿಗೆ ಹೊರಟು ನಿಂತಾಗ. ಅವ್ವ ಅವತ್ತು ಹೋಗಲಿಲ್ಲ. ಏಳು ಸಮುದ್ರದಾಚೆ ಒಬ್ಬ ಬಿಳಿಯ ಮನುಷ್ಯ ಹ್ಯಾಟು ಕೈಯಲ್ಲಿ ಹಿಡಿದು "ಇವತ್ತು ಚಳಿ ಜಾಸ್ತಿ" ಅಂದಾಗ ನನಗೆ ಆ ಸಾರಿನ ಘಮ ಬರುತ್ತಿತ್ತು. ಹೇಳದೆ ಉಳಿದದ್ದನ್ನು ಕಂಡುಹಿಡಿಯುವುದರಲ್ಲಿ ಒಂದು ರುಚಿ ಇತ್ತು, ಆ ರುಚಿಗೆ ನಾನು ಬಿದ್ದಿದ್ದೆ.

ಇದನ್ನೆಲ್ಲ ಹೇಳಿದಾಗ ಅವಳು ಮೋಟುಗೋಡೆಯ ಮೇಲೆ ಉಗುರಿನಿಂದ ಗೆರೆ ಎಳೆಯುತ್ತಾ ಕೇಳಿಸಿಕೊಂಡಳು. "ಹಾಗಿದ್ರೆ ನೀವ್ಯಾಕೆ ಹೇಳದೇ ಇದ್ದಿದ್ದನ್ನೆಲ್ಲ ಹೇಳ್ತೀರಿ? ಬಿಡಿ, ಜನ ತಾವೇ ತಿಳ್ಕೊಳ್ಳಲಿ," ಅಂದಳು. ನಾನು ಅವಳ ಉಗುರನ್ನು ನೋಡುತ್ತಿದ್ದೆ.

ಇನ್ನೊಂದು ಜಗಳ ಒಂದು ಅಕ್ಷರದ ಮೇಲೆ. ಇಂಗ್ಲಿಷ್ ಪಿಕ್ಚರಿನ ಹೆಂಗಸು ತನ್ನ ಗಂಡಸನ್ನು ಹೆಸರು ಹಿಡಿದು ಕರೆಯುತ್ತಾಳೆ. ಅದನ್ನು ಹಾಗೇ ಹೇಳಿದರೆ ಬಸಕ್ಕ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅದಕ್ಕೆ ನಾನು ಮೊದಮೊದಲ ರೀಲುಗಳಲ್ಲಿ ಅವಳ ಬಾಯಲ್ಲಿ "ಡಾಕ್ಟ್ರೇ" ಅನ್ನಿಸಿ, ಅವಳ ಮನಸ್ಸು ತಿರುಗಿತು ಅನ್ನಿಸಿದ ಕ್ಷಣದಿಂದ "ರೀ" ಅನ್ನಿಸುತ್ತಿದ್ದೆ. ಮೊದಲ "ರೀ" ಬಂದಾಗ ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಬರುತ್ತಿತ್ತು.

"ಅವರಿಗಿನ್ನೂ ಮದುವೇನೇ ಆಗಿಲ್ಲ," ಅಂದಳು ನೀಲಾಂಬಿಕ.

"ಮನಸ್ಸಲ್ಲಿ ಆಗಿದೆಯಲ್ಲ. ಅವತ್ತಿಂದ ರೀ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ದೀಪ ಆರುವವರೆಗೂ ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

ಇಷ್ಟಿದ್ದರೆ ನಾನು ಸುಖವಾಗಿರಬಹುದಿತ್ತು. ಆದರೆ ನಾನು ಹೊಟ್ಟೆಕಿಚ್ಚಿನ ಮನುಷ್ಯ. ಇದನ್ನು ಮುಚ್ಚಿಡುವುದಿಲ್ಲ. ತಮ್ಮನ ಎಲೆಯ ಹೋಳಿಗೆ ದೊಡ್ಡದು ಅಂತ ಊಟ ಬಿಟ್ಟೆದ್ದವನು. ಒಂದು ಭಾನುವಾರ ಅವಳು ತಡವಾಗಿ ಓಡಿ ಬಂದು, ಏದುಸಿರು ಬಿಡುತ್ತಾ ಕೇಳಿದಳು: "ಮೂಗಪ್ಪ ಹ್ಯಾಟು ತೆಗೆದಾಯ್ತಾ?"

"ಯಾಕೆ?"

"ಅದೊಂದು ನೋಡೋಕೆ ಬರ್ತೀನಿ ನಾನು. ಎರಡೇ ಬೆರಳಲ್ಲಿ ಎತ್ತಿ, ಕಣ್ಣು ಒಂಚೂರು ಕೆಳಗೆ ಮಾಡಿ... ಅಬ್ಬ! ನಮ್ಮ ಊರಲ್ಲಿ ಯಾವ ಗಂಡಸಿಗೆ ಬರುತ್ತೆ ಹಾಗೆ?"

ಅವತ್ತು ರೂಮಿಗೆ ಹೋಗಿ ಕನ್ನಡಿಯ ಮುಂದೆ ನಿಂತು ನನ್ನ ಕರಿ ಟೋಪಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದೆ. ಉಗುರು ಸಿಕ್ಕಿಕೊಂಡು ಟೋಪಿ ಹಿಂದಕ್ಕೆ ಬಿತ್ತು. ಮನೆ ಮಾಲೀಕರು ಕಿಟಕಿಯಲ್ಲಿ ಇಣುಕಿ, "ತಲೇಲಿ ಏನಾದ್ರೂ ಹರೀತಿದೆಯೇನ್ರೀ ಮೇಸ್ಟ್ರೇ?" ಅಂದರು.

ಬೆಳ್ಳಿತೆರೆಯ ಮೇಲಿನ ನೆರಳಿನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಟ್ಟೆ. ಮುಂದಿನ ಭಾನುವಾರದಿಂದ ಮೂಗಪ್ಪನ ಮಾತುಗಳನ್ನು ಒಂದೊಂದಾಗಿ ಕೆಡಿಸಿದೆ. ಅವನು "ನಿಮ್ಮನ್ನು ಮನೆವರೆಗೆ ಬಿಡಲೇ?" ಅಂದರೆ ನಾನು "ಬೇಗ ನಡಿ, ನನಗೆ ಹಸಿವಾಗಿದೆ" ಅಂದೆ. ಅವನು ಹೂವು ಕೊಟ್ಟರೆ "ಪಕ್ಕದ ಮನೆಯಿಂದ ಕಿತ್ತದ್ದು" ಅಂದೆ. ಗಂಡಸರೆಲ್ಲ ನಕ್ಕರು. ಕತ್ತಲಲ್ಲಿ ಮೋಟುಗೋಡೆಯಾಚೆ ಒಂದು ಬಳೆ ಕೋಪದಲ್ಲಿ ಸದ್ದು ಮಾಡಿತು.

"ಪಾಪ ಅವನ ಮೇಲೆ ಯಾಕೆ ಹಗೆ ನಿಮಗೆ?" ಅಂದಳು ದೀಪ ಬಂದಾಗ.

"ಅವನಿಗೆ ಅಷ್ಟು ಮರ್ಯಾದೆ ಯಾಕೆ ನಿಮಗೆ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹುಬ್ಬು ನಿಧಾನವಾಗಿ ಮೇಲೇರಿತು. "ಓಹೋ," ಅಂದಳು. ಅಷ್ಟೇ. ಆ "ಓಹೋ"ವನ್ನು ನಾನು ವಾರವಿಡೀ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಅದರಲ್ಲಿ ಸಂತೋಷವಿತ್ತು ಅಂತ ತೀರ್ಮಾನಿಸಿದೆ. ಹೇಳಿಬಿಡಬೇಕು ಅಂತಲೂ ತೀರ್ಮಾನಿಸಿದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸೊರಬದ ಬಸ್ಸು ಹತ್ತಿದೆ. ನಾಲ್ಕು ಗಂಟೆಗೆ ಅವಳು ಹೊರಡುವ ಬಸ್ಸಿನಲ್ಲಿ ಅಕಸ್ಮಾತ್ ಸಿಕ್ಕಿದವನ ಹಾಗೆ ಪಕ್ಕದಲ್ಲಿ ಕೂತು, ಶಿರಾಳಕೊಪ್ಪ ಬರುವುದರೊಳಗೆ ಹೇಳಿಬಿಡುವುದು. ಮಾತನ್ನು ಕೂಡ ಸಿದ್ಧ ಮಾಡಿಕೊಂಡಿದ್ದೆ. ಮೂಗಪ್ಪನದಲ್ಲ, ನನ್ನದೇ.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಕಂಡಳು. ಜೊತೆಗೊಬ್ಬ ಗಂಡಸು. ಇಸ್ತ್ರಿ ಮುರಿಯದ ಬಿಳಿ ಪ್ಯಾಂಟು, ಕೈಗೆ ಮಿರಮಿರ ಮಿಂಚುವ ವಾಚು. ಅವನು ಕೈಮುಗಿದು ಹೊರಟ. ನಾಲ್ಕು ಹೆಜ್ಜೆ ಹೋಗಿರಬಹುದು.

"ರೀ!" ಅಂದಳು ನೀಲಾಂಬಿಕ.

ಅವನಿಗೆ ಕೇಳಲಿಲ್ಲ. ನನಗೆ ಕೇಳಿತು.

"ರೀ... ಒಂಚೂರು ನಿಲ್ರೀ!" ಅನ್ನುತ್ತಾ ಬೆಂಚಿನ ಮೇಲಿದ್ದ ಛತ್ರಿ ತೆಗೆದುಕೊಂಡು ಓಡಿದಳು. ಅವನು ತಿರುಗಿ ಏನೋ ಅಂದ. ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಗೋದಾಮಿನಲ್ಲಿ ನಾನು ನನ್ನೊಬ್ಬನಿಗೇ ಅಂದುಕೊಂಡಿದ್ದ ನಗು ಅದು.

ನಮ್ಮ ಉಳವಿ ಕಡೆ ಮಾತಿನ ಕೊನೆಗೆ ಸೇರುವ ರೀ ಯಾರಿಗಾದರೂ ಸೇರೀತು. ಆದರೆ ಮಾತಿಲ್ಲದೆ, ಹೆಸರಿಲ್ಲದೆ, ಒಂಟಿಯಾಗಿ ನಿಂತ "ರೀ" ಹೆಂಡತಿಯದು. ಅವ್ವ ಅದನ್ನು ಅಪ್ಪನೊಬ್ಬನಿಗೇ ಅನ್ನುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಹಸಿ ಕಟ್ಟಿಗೆಯ ಒಲೆ ಹೊತ್ತಿದ ಹಾಗಾಯಿತು. ಉರಿಗಿಂತ ಹೊಗೆಯೇ ಜಾಸ್ತಿ.

ಟಿಕೆಟ್ ಕೊಡುವವನನ್ನು ಕೇಳಿದೆ. "ಅವರಾ? ಮಹೇಶ್ವರಪ್ಪ. ಅಡಿಕೆ ಮಂಡಿ ಇಟ್ಟಿದಾರಲ್ಲ. ಹೆಣ್ಣು ನೋಡ್ತಿದಾರೆ ಅಂತ ಸುದ್ದಿ," ಅಂದ. ಕೇಳದೇ ಇದ್ದಿದ್ದನ್ನೂ ಹೇಳುವ ಜನ.

ಬಸ್ಸಿನಲ್ಲಿ ಅವಳ ಮುಖ ಅರಳಿತು. "ಓ, ಮೇಸ್ಟ್ರು! ನೀವೆಲ್ಲಿ ಸೊರಬದಲ್ಲಿ?" ಅಂದು ಪಕ್ಕದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಬನ್ನಿ, ಜಾಗ ಇದೆ. ಮಾತಾಡ್ತಾ ಹೋಗಬಹುದು."

"ಹಿಂದೆ ಗಾಳಿ ಚೆನ್ನಾಗಿದೆ," ಅಂದು ಹಿಂದಿನ ಸೀಟಿಗೆ ಹೋಗಿ ಎರಡು ಬೆಲ್ಲದ ಡಬ್ಬಿಗಳ ನಡುವೆ ಕೂತೆ.

ಅವಳು ಎರಡು ಸಲ ತಿರುಗಿ ನೋಡಿದಳು. ಒಮ್ಮೆ ಊರು ದಾಟುವಾಗ, ಒಮ್ಮೆ ಶಿರಾಳಕೊಪ್ಪದಲ್ಲಿ. ಎರಡನೇ ಸಲ ಆ ನೋಟದಲ್ಲಿ ಪ್ರಶ್ನೆ ಇತ್ತು. ನಾನು ಕಿಟಕಿಯಾಚೆಯ ಗದ್ದೆಗಳನ್ನು ಅಳೆಯುವವನ ಹಾಗೆ ನೋಡುತ್ತಾ ಕೂತೆ.

ಭಾನುವಾರದ ಪಿಕ್ಚರಿನ ಕಥೆ ಇಷ್ಟು. ಸಮುದ್ರದ ದಡದಲ್ಲಿ ಒಂದು ಸಣ್ಣ ಊರು. ಅಲ್ಲಿ ಪುಸ್ತಕದಂಗಡಿ ನಡೆಸುವ ಒಬ್ಬಳು ಹೆಂಗಸು. ದೀಪಸ್ತಂಭದ ರಿಪೇರಿಗೆ ಬಂದ ಇಂಜಿನಿಯರ್ ನಮ್ಮ ಮೂಗಪ್ಪ. ದಿನಾ ಸಂಜೆ ಬಂದು ಪುಸ್ತಕ ತಿರುವಿ, ಒಂದನ್ನೂ ಕೊಳ್ಳದೆ, ಹವಾಮಾನದ ಮಾತಾಡಿ ಹೋಗುತ್ತಾನೆ. ಕೆಲಸ ಮುಗಿಯುತ್ತದೆ. ದೋಣಿ ಬರುತ್ತದೆ. ಗುರುವಾರ ಒಬ್ಬನೇ ನೋಡಿದಾಗ ನನ್ನ ಕಣ್ಣು ಒದ್ದೆಯಾಗಿತ್ತು. ಭಾನುವಾರ ನಾನು ಅದೇ ಮನುಷ್ಯನಾಗಿರಲಿಲ್ಲ.

ಎಂಟನೇ ರೀಲಿನಲ್ಲಿ ಮೂಗಪ್ಪ ಅಂಗಡಿಯ ಬಾಗಿಲಲ್ಲಿ ನಿಂತು, "ಬೇಸಗೆಯಲ್ಲಿ ಇಲ್ಲಿ ಚೆನ್ನಾಗಿರುತ್ತದೆ ಅಂತಾರೆ" ಅಂದ. ಅವಳು, "ಹೌದು, ಜನ ಬರುತ್ತಾರೆ" ಅಂದಳು. ಅವಳ ಬಾಯಿಗೆ ನಾನು ಇಟ್ಟ ಕನ್ನಡ ಬೇರೆ: "ನೀನು ಹೋಗಯ್ಯ. ನನಗೆ ಮಂಡಿ ಸಾಹುಕಾರನೇ ಸಾಕು. ಅವನ ಛತ್ರಿ ಎತ್ತಿಕೊಡೋದರಲ್ಲೇ ನನಗೆ ಸುಖ."



"ಇಂಗ್ಲೆಂಡಲ್ಲೂ ಅಡಿಕೆ ಮಂಡಿ ಐತಾ ಮೇಸ್ಟ್ರೇ?" ಅಂದಳು ಬಸಕ್ಕ.

ರೀಲು ಮುಗಿದು ದೀಪ ಬಂತು. ಗಂಡಸರು ಬೀಡಿಗೆ ಹೊರಗೆ ಹೋದರು. ಶಕುಂತಲಮ್ಮನವರ ಬಾಯಿ ತೆರೆದುಕೊಂಡಿತ್ತು, ಒಳ್ಳೆಯ ನಿದ್ದೆ. ನೀಲಾಂಬಿಕ ಮೋಟುಗೋಡೆಯ ಹತ್ತಿರ ಬಂದು ನಿಂತಳು. ಹುಬ್ಬು ಅಲುಗಲಿಲ್ಲ.

"ಯಾವ ಮಂಡಿ? ಯಾರ ಛತ್ರಿ?"

"ನಿಮಗೇ ಗೊತ್ತು."

"ನಿನ್ನೆ ಅದಕ್ಕೇ ಡಬ್ಬಿ ಮಧ್ಯೆ ಹೋಗಿ ಕೂತ್ರಾ?"

"ರೀ ಅಂತ ಕರೆದ್ರಲ್ಲ ಅವರನ್ನ," ಅಂದೆ. "ಎರಡು ಸಲ. ನಾನು ಕೇಳಿದೀನಿ."

"ಛತ್ರಿ ಮರೆತು ಹೋಗ್ತಿದ್ರು. ಹೆಸರು ಹಿಡಿದು ಕೂಗ್ಲಾ? 'ಏ ಮಹೇಶ್ವರಪ್ಪ' ಅನ್ಲಾ?" ಅವಳಿಗೆ ಸಿಟ್ಟಿನ ನಡುವೆಯೂ ನಗು ಬಂತು, ಅದಕ್ಕೆ ನನಗೆ ಇನ್ನೂ ಉರಿಯಿತು. "ಮೇಸ್ಟ್ರೇ, ನಾನು ಶಿಕಾರಿಪುರದವಳು. ನಾವು ಹಾಲು ಹಾಕೋರಿಗೂ ರೀ ಅಂತೀವಿ, ಬಸ್ಸಿನ ಕಂಡಕ್ಟರಿಗೂ ರೀ ಅಂತೀವಿ. ನಿಮ್ಮ ಉಳವಿ ಲೆಕ್ಕದಲ್ಲಿ ನಂಗೆ ಈ ಪೇಟೇಲಿ ಎಷ್ಟು ಜನ ಗಂಡಂದಿರು?"

"ನನಗೆ ಯಾವತ್ತೂ ಅಂದಿಲ್ಲ."

ಮಾತು ಬಾಯಿಂದ ಜಾರಿಬಿಟ್ಟಿತ್ತು. ಅವಳ ನಗು ನಿಂತಿತು. ಕಿವಿಯ ತುದಿ ಕೆಂಪಾಯಿತು.

"ನಿಮಗೆ ಅನ್ನೋಕೆ ಆಗಲ್ಲ," ಅಂದಳು ಮೆಲ್ಲಗೆ. "ಬೇರೆಯವರಿಗೆ ಸುಮ್ನೆ ಬಾಯಿಗೆ ಬರುತ್ತೆ. ನಿಮ್ಮ ಮುಂದೆ ಬರಲ್ಲ. ಅವತ್ತು ನೀವು ಆ ಮಾತಿನ ಅರ್ಥ ಹೇಳಿದ ಮೇಲೆ ಬರಲ್ಲ."

ನಾನು ದಡ್ಡ. ಅಷ್ಟು ಕೇಳಿದ ಮೇಲೂ ಮೈಕಿನ ವೈರಿನ ಸಿಕ್ಕು ಬಿಡಿಸುತ್ತಾ ಕೂತೆ.

ಅವಳೇ ಮುಂದುವರಿಸಿದಳು. "ಅವರ ಮನೆಯವರು ನನ್ನ ಕೇಳಿದಾರೆ, ಅದು ನಿಜ. ಬುಧವಾರ ನಮ್ಮಪ್ಪ ಮಾತು ಕೊಡಬೇಕು. ನಿನ್ನ ಮನಸ್ಸಲ್ಲಿ ಏನಿದೆ ಹೇಳು ಅಂದಿದಾರೆ." ಕಣ್ಣೆತ್ತಿ ನನ್ನನ್ನೇ ನೋಡಿದಳು. "ಏನಂತ ಹೇಳ್ಲಿ ಮೇಸ್ಟ್ರೇ?"

ಮೂರು ತಿಂಗಳು ಯಾರ್ಯಾರದೋ ಬಾಯಿಗೆ ಪ್ರಾಣ, ಜನ್ಮ, ಏಳು ಲೋಕ ಅಂತ ತುರುಕಿದವನು ನಾನು. ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಗಂಟಲಲ್ಲಿ ನಮ್ಮಪ್ಪ ಬಂದು ಕೂತ. ಮಂಡಿ, ವಾಚು, ಬಿಳಿ ಪ್ಯಾಂಟು ಎಲ್ಲ ಕಣ್ಣ ಮುಂದೆ ಬಂತು. ಅಂಥವನಿಗೆ ಇಲ್ಲ ಅಂದು ನನಗೆ ಹೂಂ ಅನ್ನುತ್ತಾಳೆಯೇ ಅನ್ನಿಸಿತು.

"ಒಳ್ಳೆ ಮನೆತನ," ಅಂದೆ.



"ನೀವೂ ಮೂಗಪ್ಪನೇ ಆದ್ರಿ," ಅಂದಳು. ಸೆರಗು ಹೊದ್ದುಕೊಂಡು ಹೋಗಿ ಅತ್ತೆಯ ಪಕ್ಕ ಕೂತಳು. ದೀಪ ಆರಿತು.

ಕೊನೆಯ ರೀಲಿನಲ್ಲಿ ಮಾತು ಮೊದಲೇ ಕಡಿಮೆ. ಇದ್ದ ಮಾತನ್ನೂ ನಾನು ಹೇಳಲಿಲ್ಲ. ಮೈಕನ್ನು ಎದೆಗೊತ್ತಿಕೊಂಡು ಕೂತಿದ್ದೆ. ಎದೆ ಬಡಿಯುವ ಸದ್ದು ಸ್ಪೀಕರಿನಲ್ಲಿ ಡಬಡಬ ಅಂತ ಬರುತ್ತಿತ್ತಂತೆ, ಅದನ್ನು ಜನ ದೋಣಿಯ ಇಂಜಿನ್ ಅಂದುಕೊಂಡರು ಅಂತ ಆಮೇಲೆ ಮಲ್ಲಿಕಾರ್ಜುನಪ್ಪ ಹೇಳಿದರು.

ತೆರೆಯ ಮೇಲೆ ಬಂದರಿನ ಹಲಗೆ ದಾರಿ. ಗಾಳಿ. ಮೂಗಪ್ಪನ ಕೈಯಲ್ಲಿ ಒಂದು ಚರ್ಮದ ಪೆಟ್ಟಿಗೆ. ಪುಸ್ತಕದಂಗಡಿಯವಳು ಕೂದಲು ಹಾರುವುದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವನ ಎದುರು ನಿಂತಿದ್ದಾಳೆ. ತುಟಿ ಅಲುಗಿತು. ಅವಳು ಹೇಳಿದ್ದು ಇಷ್ಟೇ: "ನಿಮ್ಮ ಮಫ್ಲರ್ ಇಟ್ಟುಕೊಂಡಿದ್ದೀರಾ? ದೋಣಿಯಲ್ಲಿ ಗಾಳಿ ಜಾಸ್ತಿ."

"ಏನಂದ್ಲು?" ಅಂದಳು ಬಸಕ್ಕ.

ನಾನು ಮೈಕನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

"ಮೇಸ್ಟ್ರೇ, ಏನಂದ್ಲು? ಕಣ್ಣಲ್ಲಿ ನೀರೈತೆ ಅವಳಿಗೆ! ಯಾರಾದ್ರೂ ಹೇಳ್ರೋ!"

"ನಾನು ಹೇಳ್ತೀನಿ," ಅಂತ ಹೆಂಗಸರ ಕಡೆಯಿಂದ ದನಿ ಬಂತು.

ನೀಲಾಂಬಿಕ ಎದ್ದು ನಿಂತಿದ್ದಳು. ಪ್ರೊಜೆಕ್ಟರಿನ ಬೆಳಕಿನ ಅಂಚು ಅವಳ ಕೆನ್ನೆಗೆ ತಾಗುತ್ತಿತ್ತು. ಅವಳು ತೆರೆಯ ಕಡೆ ನೋಡುತ್ತಿರಲಿಲ್ಲ.

"ರೀ, ಅಂದ್ಲು."

ಇಡೀ ಗೋದಾಮು ಕಿವಿಯಾಯಿತು.

"ರೀ... ಹೋಗಬೇಡ್ರೀ, ಅಂದ್ಲು. ನಿಮಗೆ ಹೊಟ್ಟೆಕಿಚ್ಚಿದೆ, ನಂಗೊತ್ತು. ಅದಕ್ಕೆ ನಂಗೆ ಸಿಟ್ಟಿಲ್ಲ, ಸಂತೋಷ.  ಒಂದೇ ಒಂದು ಸಲ ನೀವು ಬಾಯಿ ಬಿಟ್ಟು ಹೇಳಿ. ನಾನು ಬುಧವಾರ ಇನ್ಯಾರಿಗೂ ಹೂಂ ಅನ್ನಲ್ಲ... ಅಂದ್ಲು."

ಹೇಳದೇ ಇದ್ದದ್ದನ್ನು ಸೇರಿಸಬೇಡಿ ಅಂತ ನನ್ನ ಜೊತೆ ಮೂರು ತಿಂಗಳು ಜಗಳವಾಡಿದವಳು ಅವಳು. ಅಲ್ಲಿದ್ದದ್ದು ಒಂದು ಮಫ್ಲರ್ ಮಾತ್ರ ಅಂತ ಆ ಗೋದಾಮಿನಲ್ಲಿ ಇಬ್ಬರಿಗೇ ಗೊತ್ತಿತ್ತು. ನನ್ನ ಹೊಟ್ಟೆಯೊಳಗಿನ ಹೊಗೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

"ಅವ್ವಾ, ಎಷ್ಟು ಚೆಂದ ಅಂದ್ಲು!" ಅಂತ ಬಸಕ್ಕ ಮೂಗು ಒರೆಸಿಕೊಂಡಳು. "ಅದಕ್ಕೆ ಅವನೇನಂದ?"

ತೆರೆಯ ಮೇಲೆ ಮೂಗಪ್ಪ "ಇಟ್ಟುಕೊಂಡಿದ್ದೇನೆ, ಥ್ಯಾಂಕ್ಯೂ" ಅಂದ. ಎರಡು ಬೆರಳಲ್ಲಿ ಹ್ಯಾಟು ಎತ್ತಿದ. ಕಣ್ಣು ಒಂಚೂರು ಕೆಳಗೆ ಮಾಡಿದ. ನಾನು ಮೋಟುಗೋಡೆಯ ಕಡೆ ನೋಡಿದೆ. ಅವಳು ಹ್ಯಾಟಿನ ಕಡೆ ತಿರುಗಲೇ ಇಲ್ಲ.

ಮೈಕನ್ನು ಬಾಯಿಯ ಹತ್ತಿರ ತಂದೆ.

"ಹೋಗಲ್ಲ, ಅಂದ," ಅಂದೆ.

ಅಷ್ಟರಲ್ಲಿ ಮೂಗಪ್ಪ ಪೆಟ್ಟಿಗೆ ಎತ್ತಿಕೊಂಡು ಹಲಗೆಯ ಮೇಲೆ ನಡೆದು ದೋಣಿ ಹತ್ತಿಯೇಬಿಟ್ಟ. ದೋಣಿ ದಡ ಬಿಟ್ಟಿತು. ಗಂಡಸರ ಕಡೆಯಿಂದ ಗಲಾಟೆ ಎದ್ದಿತು.

"ಹೋಗ್ತಾ ಇದಾನಲ್ರೀ ಮೇಸ್ಟ್ರೇ!"

"ಹೋಗಲ್ಲ ಅಂತ ಹೇಳಿ ಹೊಂಟೇಬಿಟ್ನಲ್ಲೋ!"

"ಇದೆಂಥಾ ಗಂಡಸು!" ಅಂತ ಬಸಕ್ಕ ಎದ್ದೇ ನಿಂತಳು.

"ಅವನು ಹೋಗ್ಲಿ ಬಿಡಿ," ಅಂದೆ. ನನ್ನ ದನಿ ತಗಡಿನ ಮಾಡಿಗೆ ತಾಗಿ ನನಗೇ ಹಿಂದಿರುಗಿ ಬಂತು. "ನಾನು ಹೋಗಲ್ಲ. ನೀಲಾಂಬಿಕ, ನಾನು ಎಲ್ಲಿಗೂ ಹೋಗಲ್ಲ. ಬುಧವಾರ ಅವರಿಗೆ ಹೂಂ ಅನ್ನಬೇಡಿ. ನನಗೆ ಅನ್ನಿ."

ಪ್ರೊಜೆಕ್ಟರು ನಿಂತಿತು. ಕೊನೆಯ ಅಕ್ಷರಗಳು ಬರುವ ಮೊದಲೇ ಮಲ್ಲಿಕಾರ್ಜುನಪ್ಪ ದೀಪ ಹಾಕಿಸಿದ್ದರು. ನೂರು ಮುಖಗಳು ಬಿಳಿ ತೆರೆಗೆ ಬೆನ್ನು ಹಾಕಿ ನಮ್ಮಿಬ್ಬರ ಕಡೆ ತಿರುಗಿದ್ದವು. ನೀಲಾಂಬಿಕ ದಡಕ್ಕನೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೆರಗಿನ ಸಂದಿಯಲ್ಲಿ ಒಂದು ಕಣ್ಣು ಕಾಣುತ್ತಿತ್ತು, ಅದು ಅಳುತ್ತಿತ್ತೋ ನಗುತ್ತಿತ್ತೋ ಹೇಳಲಾರೆ.

ಶಕುಂತಲಮ್ಮ ಎಚ್ಚರವಾಗಿದ್ದರು. ಯಾವಾಗ ಎಚ್ಚರವಾದರೋ ದೇವರಿಗೇ ಗೊತ್ತು. ನಿಧಾನವಾಗಿ ಎದ್ದು, ಸೋದರಸೊಸೆಯ ತಲೆಯ ಮೇಲೊಂದು ಕೈಯಿಟ್ಟು, ಮೋಟುಗೋಡೆಯವರೆಗೆ ಬಂದರು. ನಾನು ಸ್ಟೂಲಿನಿಂದ ಎದ್ದು ನಿಂತೆ.

ಅವರು ನನ್ನನ್ನು ಟೋಪಿಯಿಂದ ಚಪ್ಪಲಿಯವರೆಗೆ ನೋಡಿದರು.

"ನಿಮ್ಮ ಮನೆದೇವ್ರು ಯಾವುದು?" ಅಂದರು.

"ವೀರಭದ್ರ," ಅಂದೆ. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು. ಗೋದಾಮಿಗೆಲ್ಲ ಕೇಳಿ ಯಾರೋ ಹಿಂದಿನ ಸಾಲಿನಲ್ಲಿ ಶಿಳ್ಳೆ ಹಾಕಿದರು.

"ಅಪ್ಪ ಅವ್ವ?"

"ಉಳವಿಯಲ್ಲಿದಾರೆ. ಇಬ್ಬರೂ ಗಟ್ಟಿಮುಟ್ಟಾಗಿದಾರೆ."

"ಹೂಂ." ಅವರು ಒಂದು ಕ್ಷಣ ಯೋಚಿಸಿದರು. ಅಷ್ಟು ಉದ್ದದ ಕ್ಷಣ ಯಾವ ಪಿಕ್ಚರಿನಲ್ಲೂ ನಾನು ಕಂಡಿಲ್ಲ. "ನನ್ನ ತಮ್ಮ ಮನೇಲೇ ಇದಾನೆ. ಈಗಲೇ ಬನ್ನಿ, ಅಲ್ಲೇ ಊಟ ಮಾಡಿದ್ರಾಯ್ತು. ಅವನ ಮುಂದೆ ಬಾಯಿ ಬಿಡ್ತೀರೋ, ಇಲ್ಲ ಅಲ್ಲೂ ಇವಳೇ ಎದ್ದು ನಿಂತು ಹೇಳಬೇಕೋ?"

ನಾನು ಮೈಕನ್ನು ಸ್ಟೂಲಿನ ಮೇಲಿಟ್ಟೆ.

"ನಾನೇ ಹೇಳ್ತೀನಿ," ಅಂದೆ.